ಬೀಗ ಒಬ್ಬರದು, ಬೀಗದ ಕೈ ಇನ್ನೊಬ್ಬರದು

ಮನೆಯ ಗುಟ್ಟು ಬೀದಿಗೆ ಬೀಳಬಾರದೆಂಬುದು ಸಂಸಾರವಂದಿಗರೆಲ್ಲರ ಹಳೆಯ ನಿಯಮ. ಯಜಮಾನನ ಸಂಬಳವೆಷ್ಟು, ಮಗಳ ಮದುವೆಗೆ ಮಾಡಿದ ಸಾಲವೆಷ್ಟು, ಅದರಲ್ಲಿ ತೀರಿದುದೆಷ್ಟು, ಹಿರಿಯರ ಔಷಧಕ್ಕೆ ತಿಂಗಳಿಗೆ ಎಷ್ಟು ಹೋಗುತ್ತದೆ ಎಂಬಿವೆಲ್ಲ ಒಂದು ಕಾಲದಲ್ಲಿ ಮನೆಯವರಿಗೆ, ಹೆಚ್ಚೆಂದರೆ ಸಾಲ ಕೊಟ್ಟ ಸಾಹುಕಾರನಿಗೆ ಮಾತ್ರ ತಿಳಿದಿರುತ್ತಿದ್ದ ಸಂಗತಿಗಳು. ಸಾಹುಕಾರನ ಪುಸ್ತಕವು ಅವನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುತ್ತಿತ್ತು. ಅದನ್ನು ಕದಿಯಬೇಕಾದರೆ ಕಳ್ಳನು ಅಂಗಡಿಯ ಗೋಡೆಗೆ ಕನ್ನ ಕೊರೆಯಬೇಕಾಗಿತ್ತು. ಇಂದು ಆ ಪುಸ್ತಕಕ್ಕೆ ಕಾಗದವೂ ಇಲ್ಲ, ಗೋಡೆಯೂ ಇಲ್ಲ. ಅದು ಕಂಪ್ಯೂಟರಿನಲ್ಲಿ ಕುಳಿತಿದೆ. ಒಂದು ಊರಿನಲ್ಲಿ ಬರೆದದ್ದನ್ನು ಮರುಕ್ಷಣವೇ ಇನ್ನೊಂದು ಖಂಡದಲ್ಲಿ ಓದಬಹುದಾಗಿದೆ.

ಇಂತಹ ಪುಸ್ತಕವನ್ನು ಕುರಿತು ಎರಡು ಪ್ರಶ್ನೆಗಳು ಏಳುತ್ತವೆ. ಅದನ್ನು ಕಳ್ಳರಿಂದ ಕಾಪಾಡುವವರು ಯಾರು ಎಂಬುದೊಂದು. ಅದನ್ನು ಇಟ್ಟುಕೊಂಡವನೇ ಮನಬಂದಂತೆ ಬಳಸತೊಡಗಿದರೆ ಕೇಳುವವರು ಯಾರು ಎಂಬುದು ಮತ್ತೊಂದು. ಮೊದಲನೆಯದು ಬೀಗದ ಪ್ರಶ್ನೆ. ಎರಡನೆಯದು ಬೀಗದ ಕೈಯ ಪ್ರಶ್ನೆ. ಅಮೆರಿಕಾ ದೇಶದಲ್ಲಿ ಈ ಎರಡು ಪ್ರಶ್ನೆಗಳಿಗೆ ಎರಡು ಬೇರೆ ಬೇರೆ ಸರ್ಕಾರಗಳು, ಎರಡು ಬೇರೆ ಬೇರೆ ಕಾಲಗಳಲ್ಲಿ, ಎರಡು ಬಗೆಯ ಉತ್ತರಗಳನ್ನು ಕೊಟ್ಟಿವೆ. ಒಂದು ಉತ್ತರ ವಾಷಿಂಗ್‌ಟನ್ನಿನ ಒಕ್ಕೂಟ ಸರ್ಕಾರದ್ದು; ಇನ್ನೊಂದು ಕ್ಯಾಲಿಫೋರ್ನಿಯಾ ರಾಜ್ಯದ್ದು. ಇವೆರಡೂ ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ತಿಳಿಯುವುದು ಕೇವಲ ವಕೀಲರ ಕೆಲಸವಲ್ಲ.

ವಾಷಿಂಗ್‌ಟನ್ನಿನ ಬೀಗ

1933ರಿಂದ ಅಮೆರಿಕಾದಲ್ಲಿ ಸಾಮಾನ್ಯ ಬ್ಯಾಂಕಿನ ವ್ಯವಹಾರಕ್ಕೂ ಷೇರು ವ್ಯಾಪಾರಕ್ಕೂ ನಡುವೆ ಕಾನೂನಿನ ಗೋಡೆಯೊಂದಿತ್ತು. 1999ರ ನವೆಂಬರ್ 12ರಂದು ಅಧ್ಯಕ್ಷ ಕ್ಲಿಂಟನ್ ಅವರು ರುಜು ಹಾಕಿದ ಶಾಸನವು ಆ ಗೋಡೆಯನ್ನು ಕೆಡವಿ, ಬ್ಯಾಂಕು, ವಿಮೆ, ಷೇರು ಈ ಮೂರೂ ಒಂದೇ ಸೂರಿನಡಿ ಸೇರಲು ಅವಕಾಶ ಮಾಡಿತು. ಅದನ್ನು ಮಂಡಿಸಿದ ಗ್ರಾಮ್, ಲೀಚ್ ಮತ್ತು ಬ್ಲೈಲಿ ಎಂಬ ಮೂವರು ಶಾಸಕರ ಹೆಸರಿನಿಂದಲೇ ಆ ಶಾಸನ ಪ್ರಸಿದ್ಧವಾಗಿದೆ.

ಗೋಡೆ ಬಿದ್ದಾಗ ಜನರ ಮನಸ್ಸಿನಲ್ಲಿ ಒಂದು ಅಂಜಿಕೆ ಹುಟ್ಟಿತು. ಉಳಿತಾಯ ಖಾತೆಯ ಲೆಕ್ಕ ಬಲ್ಲ ಬ್ಯಾಂಕು ಅದನ್ನು ವಿಮೆಯವನ ಕಿವಿಯಲ್ಲಿ ಊದಿದರೆ ಗತಿಯೇನು? ಅಂಜಿಕೆಗೆ ಆಧಾರವಿಲ್ಲದಿರಲಿಲ್ಲ. ಅದೇ ವರ್ಷದ ಜೂನ್ ತಿಂಗಳಲ್ಲಿ ಮಿನೆಸೋಟ ರಾಜ್ಯದ ಅಟಾರ್ನಿ ಜನರಲ್ ಅವರು ದೊಡ್ಡ ಬ್ಯಾಂಕೊಂದರ ಮೇಲೆ ಮೊಕದ್ದಮೆ ಹೂಡಿ, ಅದು ಗ್ರಾಹಕರ ಖಾತೆಯ ವಿವರಗಳನ್ನು ದೂರವಾಣಿಯ ಮೂಲಕ ಸರಕು ಮಾರುವ ಕಂಪನಿಗೆ ಹಣಕ್ಕೆ ಕೊಟ್ಟಿತೆಂದು ಆರೋಪಿಸಿದ್ದರು. ಆದುದರಿಂದ ಶಾಸನದ ಐದನೆಯ ಭಾಗದಲ್ಲಿ ಗ್ರಾಹಕರ ರಹಸ್ಯವನ್ನು ಕುರಿತ ವಿಧಿಗಳು ಸೇರಿದವು.

ಆ ವಿಧಿಗಳು ಎರಡು ಬಗೆಯವು. ಮೊದಲನೆಯದು ತಿಳಿವಳಿಕೆಯದು: ಹಣಕಾಸಿನ ಸಂಸ್ಥೆಯು ತಾನು ಯಾವ ವಿವರಗಳನ್ನು ಕೂಡಿಹಾಕುತ್ತದೆ, ಯಾರಿಗೆ ಕೊಡುತ್ತದೆ ಎಂಬುದನ್ನು ಗ್ರಾಹಕನಿಗೆ ಬರೆದು ತಿಳಿಸಬೇಕು, ಹೊರಗಿನವರಿಗೆ ಕೊಡಬಾರದೆಂದು ಹೇಳಲು ಅವನಿಗೆ ಅವಕಾಶವಿರಬೇಕು. ಅವನು ಬಾಯಿಬಿಟ್ಟು ಬೇಡವೆನ್ನದಿದ್ದರೆ ಒಪ್ಪಿಗೆಯಿದೆಯೆಂದೇ ಅರ್ಥ. ಒಂದೇ ಒಡೆತನದ ಸೋದರ ಸಂಸ್ಥೆಗಳ ನಡುವೆ ವಿವರಗಳು ಓಡಾಡುವುದನ್ನಂತೂ ಈ ವಿಧಿಯು ತಡೆಯಲಿಲ್ಲ.

ಎರಡನೆಯದು ಭದ್ರತೆಯದು. ಇದರ ಆಧಾರದ ಮೇಲೆ ಫೆಡರಲ್ ಟ್ರೇಡ್ ಕಮಿಷನ್ ಎಂಬ ಒಕ್ಕೂಟದ ಆಯೋಗವು 2002ರಲ್ಲಿ ರಚಿಸಿದ ರಕ್ಷಣಾ ನಿಯಮವು 2003ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಬ್ಯಾಂಕುಗಳಿಗೆ ಅವುಗಳ ಮೇಲ್ವಿಚಾರಕರು ಬೇರೆಯೇ ಇದ್ದಾರೆ. ಆಯೋಗದ ನಿಯಮವು ಅನ್ವಯಿಸುವುದು ಬ್ಯಾಂಕಲ್ಲದ, ಆದರೆ ಹಣಕಾಸಿನ ಕೆಲಸ ಮಾಡುವ ಇತರರಿಗೆ. ಮನೆಸಾಲದ ದಲ್ಲಾಳಿಗಳು, ಕಂತಿನ ಮೇಲೆ ಕಾರು ಮಾರುವವರು, ಆದಾಯ ತೆರಿಗೆಯ ಲೆಕ್ಕ ಬರೆದುಕೊಡುವವರು, ಸಾಲ ವಸೂಲಿ ಮಾಡುವವರು ಎಲ್ಲರೂ ಅದರ ವ್ಯಾಪ್ತಿಗೆ ಸೇರುತ್ತಾರೆ.

ಮೊದಮೊದಲು ಈ ನಿಯಮವು ಬಹಳ ಸಡಿಲವಾಗಿತ್ತು. ತಕ್ಕ ಎಚ್ಚರಿಕೆ ವಹಿಸಬೇಕೆಂದು ಹೇಳಿ, ತಕ್ಕದೆಂದರೆ ಯಾವುದು ಎಂಬುದನ್ನು ಆಯಾ ಸಂಸ್ಥೆಯ ವಿವೇಚನೆಗೇ ಬಿಟ್ಟಿತ್ತು. ಆ ವಿವೇಚನೆಯ ಬೆಲೆ 2017ರಲ್ಲಿ ತಿಳಿಯಿತು. ಜನರ ಸಾಲದ ಯೋಗ್ಯತೆಯನ್ನು ಅಳೆಯುವ ಈಕ್ವಿಫ್ಯಾಕ್ಸ್ ಎಂಬ ಸಂಸ್ಥೆಗೆ, ಅದರ ಕಂಪ್ಯೂಟರ್ ವ್ಯವಸ್ಥೆಯ ತಂತ್ರಾಂಶದಲ್ಲಿ ಬಿರುಕಿದೆಯೆಂಬ ಎಚ್ಚರಿಕೆ ಆ ವರ್ಷದ ಮಾರ್ಚ್ ತಿಂಗಳಲ್ಲೇ ಬಂದಿತ್ತು. ಬಿರುಕನ್ನು ಮುಚ್ಚಲಿಲ್ಲ. ಮೇ ತಿಂಗಳಿಂದ ಜುಲೈವರೆಗೆ ಕಳ್ಳರು ಆ ಬಿರುಕಿನಿಂದಲೇ ಒಳನುಗ್ಗಿ ಸುಮಾರು 14 ಕೋಟಿ 70 ಲಕ್ಷ ಜನರ ವಿವರಗಳನ್ನು ಮುಟ್ಟಿದರು. ಹೆಸರು, ಹುಟ್ಟಿದ ದಿನ, ವಿಳಾಸಗಳ ಜೊತೆಗೆ, ಅಮೆರಿಕಾದವರು ಬಾಳಿನುದ್ದಕ್ಕೂ ಹೊತ್ತು ತಿರುಗುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಅವುಗಳಲ್ಲಿತ್ತು. 2019ರ ಜುಲೈನಲ್ಲಿ ಸಂಸ್ಥೆಯು ಕನಿಷ್ಠ 57 ಕೋಟಿ 50 ಲಕ್ಷ ಡಾಲರು ತೆರಲು ಒಪ್ಪಿ ರಾಜಿ ಮಾಡಿಕೊಂಡಿತು. ಅದರ ಮೇಲೆ ಆಯೋಗವು ಹೊರಿಸಿದ ಆರೋಪಗಳಲ್ಲಿ ಈ ರಕ್ಷಣಾ ನಿಯಮದ ಉಲ್ಲಂಘನೆಯೂ ಒಂದು.

2021ರಲ್ಲಿ ಆಯೋಗವು ನಿಯಮವನ್ನು ತಿದ್ದಿ ಬಿಗಿಗೊಳಿಸಿತು. 2023ರ ಜೂನ್ 9ರಿಂದ ಪೂರ್ಣವಾಗಿ ಜಾರಿಗೆ ಬಂದ ಈ ಹೊಸ ರೂಪದಲ್ಲಿ ಬೀಗದ ವರ್ಣನೆ ಕೂಲಂಕಷವಾಗಿದೆ. ಭದ್ರತೆಯ ಹೊಣೆಗೆ ಯೋಗ್ಯನಾದ ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಅಪಾಯಗಳು ಎಲ್ಲೆಲ್ಲಿವೆ ಎಂಬುದನ್ನು ಪರಿಶೀಲಿಸಿ ಬರೆದಿಡಬೇಕು. ಗ್ರಾಹಕರ ವಿವರಗಳನ್ನು ಸಂಕೇತ ಲಿಪಿಗೆ ತಿರುಗಿಸಿ ಇಡಬೇಕು. ಒಳಗೆ ಪ್ರವೇಶಿಸುವ ನೌಕರನಿಗೆ ಗುಪ್ತಪದವೊಂದೇ ಸಾಲದು; ಎರಡನೆಯ ಗುರುತೂ ಬೇಕು. ತಮ್ಮ ವ್ಯವಸ್ಥೆಯನ್ನು ಸದಾಕಾಲ ಕಾವಲು ಕಾಯುವ ಏರ್ಪಾಡಿಲ್ಲದವರು ವರ್ಷಕ್ಕೊಮ್ಮೆ ತಾವೇ ಕನ್ನ ಹಾಕಿಸಿ ನೋಡಿ ಪರೀಕ್ಷಿಸಬೇಕು. ಗ್ರಾಹಕನಿಗೆ ಸೇವೆ ಸಲ್ಲಿಸಲು ಒಂದು ವಿವರವನ್ನು ಕೊನೆಯ ಬಾರಿ ಬಳಸಿ ಎರಡು ವರ್ಷಗಳಾದ ಮೇಲೆ, ಕಾನೂನಿನ ಅಥವಾ ವ್ಯವಹಾರದ ಅಗತ್ಯವಿಲ್ಲದಿದ್ದರೆ, ಅದನ್ನು ನಾಶಮಾಡಬೇಕು. 2024ರ ಮೇ 13ರಿಂದ ಇನ್ನೊಂದು ಕರ್ತವ್ಯ ಸೇರಿದೆ: 500 ಅಥವಾ ಹೆಚ್ಚು ಮಂದಿಯ ವಿವರಗಳು ಹೊರಬಿದ್ದರೆ, ಗೊತ್ತಾದ 30 ದಿನಗಳೊಳಗೆ ಆಯೋಗಕ್ಕೆ ವರದಿ ಮಾಡಬೇಕು.

ಬೀಗವೇನೋ ಭದ್ರವಾದುದೇ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಈ ಕರ್ತವ್ಯಗಳೆಲ್ಲವೂ ಸಂಸ್ಥೆಯು ಸರ್ಕಾರಕ್ಕೆ ಸಲ್ಲಿಸಬೇಕಾದವು. ವಿವರ ಯಾರದೋ ಆ ವ್ಯಕ್ತಿಯು ಈ ನಿಯಮವನ್ನು ಹಿಡಿದು ತಾನಾಗಿಯೇ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿಲ್ಲ.

ಕ್ಯಾಲಿಫೋರ್ನಿಯಾದ ಬೀಗದ ಕೈ

ಕ್ಯಾಲಿಫೋರ್ನಿಯಾದ ಜನರಿಗೆ ಖಾಸಗಿತನದ ಚಿಂತೆ ಹೊಸದಲ್ಲ. 1972ರಲ್ಲಿಯೇ ಅವರು ಮತ ಹಾಕಿ, ಖಾಸಗಿತನವನ್ನು ತಮ್ಮ ರಾಜ್ಯದ ಸಂವಿಧಾನದಲ್ಲಿ ಕಸಿದುಕೊಳ್ಳಲಾಗದ ಹಕ್ಕುಗಳ ಸಾಲಿಗೆ ಸೇರಿಸಿದರು. ವಿವರಗಳು ಕಳುವಾದರೆ ಸಂಬಂಧಪಟ್ಟವರಿಗೆ ತಿಳಿಸಲೇಬೇಕೆಂದು ಅಮೆರಿಕಾದಲ್ಲಿ ಮೊದಲು ಶಾಸನ ಮಾಡಿದ್ದೂ ಅದೇ ರಾಜ್ಯ. 2003ರ ಜುಲೈ 1ರಂದು ಅದು ಜಾರಿಗೆ ಬಂತು.

ಇಂದಿನ ಗ್ರಾಹಕ ಖಾಸಗಿತನ ಶಾಸನದ ಹುಟ್ಟು ಮಾತ್ರ ವಿಚಿತ್ರವಾದುದು. ಅದರ ಮೂಲಪುರುಷನು ರಾಜಕಾರಣಿಯಲ್ಲ, ವಕೀಲನಲ್ಲ. ಸ್ಯಾನ್‌ಫ್ರಾನ್ಸಿಸ್ಕೋ ಪ್ರದೇಶದಲ್ಲಿ ಕಟ್ಟಡಗಳ ವ್ಯವಹಾರ ಮಾಡುವ ಆಲಸ್ಟೇರ್ ಮ್ಯಾಕ್‌ಟ್ಯಾಗರ್ಟ್ ಎಂಬವರು. ದೊಡ್ಡ ಕಂಪನಿಗಳು ಜನರನ್ನು ಕುರಿತು ಎಷ್ಟೆಲ್ಲ ತಿಳಿದಿವೆಯೆಂಬುದು ಅವರ ಮನಸ್ಸನ್ನು ಕೊರೆಯತೊಡಗಿತು. ಆ ರಾಜ್ಯದಲ್ಲಿ ಸಾಕಷ್ಟು ಸಹಿಗಳನ್ನು ಕೂಡಿಸಿದರೆ ಪ್ರಜೆಗಳೇ ಕಾನೂನಿನ ಕರಡನ್ನು ನೇರವಾಗಿ ಮತಕ್ಕೆ ಹಾಕಬಹುದು. ಮ್ಯಾಕ್‌ಟ್ಯಾಗರ್ಟರು ತಮ್ಮ ಸ್ವಂತ ಹಣ ವೆಚ್ಚ ಮಾಡಿ 6 ಲಕ್ಷಕ್ಕೂ ಹೆಚ್ಚು ಸಹಿಗಳನ್ನು ಕೂಡಿಸಿದರು. ಜನಮತದಿಂದ ಬಂದ ಕಾನೂನನ್ನು ಮುಂದೆ ತಿದ್ದುವುದು ಕಷ್ಟವೆಂದು ಬಲ್ಲ ಶಾಸಕರು ರಾಜಿಗೆ ಬಂದರು. 2018ರ ಜೂನ್ 28ರಂದು, ಕರಡನ್ನು ಹಿಂತೆಗೆದುಕೊಳ್ಳಲು ಇದ್ದ ಕೊನೆಯ ದಿನದಂದೇ, ಎರಡೂ ಸದನಗಳು ಒಂದೂ ವಿರೋಧ ಮತವಿಲ್ಲದೆ ಶಾಸನವನ್ನು ಅಂಗೀಕರಿಸಿದವು; ಗವರ್ನರ್ ಜೆರಿ ಬ್ರೌನ್ ಅವರು ಅಂದೇ ರುಜು ಹಾಕಿದರು. 2020ರ ಜನವರಿ 1ರಿಂದ ಅದು ಜಾರಿಯಾಯಿತು. ಅದೇ ವರ್ಷದ ನವೆಂಬರಿನಲ್ಲಿ ಜನಮತದಿಂದ ಅದು ಇನ್ನಷ್ಟು ಬಲಗೊಂಡು, ಅದರ ಪಾಲನೆಗೆಂದೇ ಪ್ರತ್ಯೇಕ ಸಂಸ್ಥೆಯೊಂದು ಹುಟ್ಟಿತು.

ಈ ಶಾಸನವು ಬೀಗದ ವರ್ಣನೆಗೆ ಹೆಚ್ಚು ಹೋಗುವುದಿಲ್ಲ. ಅದು ಕೊಡುವುದು ಕೈಯನ್ನು. ನನ್ನ ವಿಷಯದಲ್ಲಿ ನಿಮ್ಮಲ್ಲಿ ಏನೇನಿದೆ ಎಂದು ಪ್ರಜೆಯು ಕಂಪನಿಯನ್ನು ಕೇಳಬಹುದು. ಕಂಪನಿಯು ಸಾಮಾನ್ಯವಾಗಿ 45 ದಿನಗಳಲ್ಲಿ ಉತ್ತರ ಕೊಡಬೇಕು. ತಪ್ಪಿದ್ದರೆ ತಿದ್ದಿರೆನ್ನಬಹುದು, ಅಳಿಸಿಹಾಕಿರೆನ್ನಬಹುದು, ಇತರರಿಗೆ ಮಾರಬೇಡಿರೆನ್ನಬಹುದು. ಹಾಗೆ ಹೇಳಿದುದಕ್ಕಾಗಿ ಕಂಪನಿಯು ಬೆಲೆಯಲ್ಲಾಗಲಿ ಸೇವೆಯಲ್ಲಾಗಲಿ ಭೇದ ತೋರಬಾರದು. ಈ ಹಕ್ಕು ಬರಿಯ ಕಾಗದದ್ದಲ್ಲವೆಂಬುದು 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾಯಿತು. ಪ್ರಸಾಧನ ಸಾಮಗ್ರಿಗಳನ್ನು ಮಾರುವ ಸೆಫೋರಾ ಎಂಬ ಕಂಪನಿಯು, ಗ್ರಾಹಕರ ವಿವರಗಳನ್ನು ಮಾರುತ್ತಿರುವುದನ್ನು ತಿಳಿಸಲಿಲ್ಲವೆಂಬ ಮತ್ತು ಬೇಡವೆಂದವರ ಮಾತನ್ನು ಮನ್ನಿಸಲಿಲ್ಲವೆಂಬ ಆರೋಪದ ಮೇಲೆ, ರಾಜ್ಯಕ್ಕೆ 12 ಲಕ್ಷ ಡಾಲರು ತೆರಬೇಕಾಯಿತು.

ಎರಡರ ನಡುವಿನ ಓಣಿ

ಇಷ್ಟು ತಿಳಿದವರು, ಕ್ಯಾಲಿಫೋರ್ನಿಯಾದ ಪ್ರಜೆಯ ಕೈಯಲ್ಲಿ ಎರಡು ಕತ್ತಿಗಳಿವೆಯೆಂದು ಭಾವಿಸಬಹುದು. ವಸ್ತುಸ್ಥಿತಿ ಹಾಗಿಲ್ಲ. ಒಕ್ಕೂಟದ ಹಣಕಾಸಿನ ಶಾಸನಕ್ಕೆ ಒಳಪಟ್ಟ ವಿವರಗಳಿಗೆ ತನ್ನ ಹಕ್ಕುಗಳು ಅನ್ವಯಿಸುವುದಿಲ್ಲವೆಂದು ರಾಜ್ಯದ ಶಾಸನವು ತಾನೇ ಹೇಳಿಕೊಂಡಿದೆ.

ಸ್ಯಾಕ್ರಮೆಂಟೋ ನಗರದಲ್ಲಿ ಒಬ್ಬ ಗೃಹಿಣಿ ಇರುವಳೆಂದು ಇಟ್ಟುಕೊಳ್ಳಬಹುದು. ಆಕೆ ದೊಡ್ಡ ಬಟ್ಟೆಯ ಅಂಗಡಿಯೊಂದರಿಂದ ಸೀರೆಯನ್ನು ತರಿಸಿದರೆ, ತನ್ನ ವಿವರಗಳನ್ನು ಅಳಿಸಿರೆಂದು ಅಂಗಡಿಯವನಿಗೆ ಹೇಳುವ ಹಕ್ಕು ಆಕೆಗುಂಟು. ಅದೇ ಆಕೆ ಮನೆಸಾಲಕ್ಕಾಗಿ ಸಂಬಳದ ಚೀಟಿ, ತೆರಿಗೆಯ ಲೆಕ್ಕ, ಗಂಡನ ಹಳೆಯ ಸಾಲಗಳ ಪಟ್ಟಿ ಎಲ್ಲವನ್ನೂ ಸಾಲದ ಸಂಸ್ಥೆಗೆ ಒಪ್ಪಿಸಿದಳೆನ್ನೋಣ. ಸಾಲ ದೊರೆಯದೆ ಹೋದರೂ, ಆ ಕಾಗದಗಳನ್ನು ಅಳಿಸಿರೆಂದು ಈ ಶಾಸನದ ಬಲದಿಂದ ಹೇಳಲು ಆಕೆಗೆ ಬರುವುದಿಲ್ಲ. ಸೀರೆಯ ಬಣ್ಣದ ಮೇಲೆ ಇರುವ ಅಧಿಕಾರವು ಸಂಸಾರದ ಸಾಲದ ಮೇಲೆ ಇಲ್ಲ! ಗುಟ್ಟು ದೊಡ್ಡದಾದಷ್ಟೂ ಅದರ ಮೇಲಿನ ಹಿಡಿತ ಚಿಕ್ಕದಾದಂತಾಯಿತು.

ಆದರೆ ಕ್ಯಾಲಿಫೋರ್ನಿಯಾದ ಶಾಸಕರು ಓಣಿಯನ್ನು ಪೂರ್ಣ ಕತ್ತಲೆಯಲ್ಲಿ ಬಿಟ್ಟಿಲ್ಲ. ಮೂರು ದೀಪಗಳನ್ನು ಇಟ್ಟಿದ್ದಾರೆ. ಮೊದಲನೆಯದು: ವಿನಾಯಿತಿಯು ವಿವರಕ್ಕೆ ಹೊರತು ಸಂಸ್ಥೆಗೆ ಅಲ್ಲ. ಅದೇ ಸಾಲದ ಸಂಸ್ಥೆಯು ತನ್ನ ಜಾಲತಾಣವನ್ನು ಸುಮ್ಮನೆ ನೋಡಿ ಹೋದವರನ್ನು ಕುರಿತು, ತನ್ನ ನೌಕರರನ್ನು ಕುರಿತು ಕೂಡಿಹಾಕುವ ವಿವರಗಳು ಹಣಕಾಸಿನ ಶಾಸನದ ಹೊರಗೆ ಉಳಿಯುತ್ತವೆ. ಅವುಗಳಿಗೆ ರಾಜ್ಯದ ಶಾಸನವೇ ಅನ್ವಯ.

ಎರಡನೆಯದು: ವಿವರ ಕಳುವಾದಾಗ ವಿನಾಯಿತಿಯಿಲ್ಲ. ಸಂಕೇತ ಲಿಪಿಗೆ ತಿರುಗಿಸದೆ ಇಟ್ಟಿದ್ದ ಸೂಕ್ಷ್ಮ ವಿವರಗಳು ಸಂಸ್ಥೆಯ ಅಜಾಗರೂಕತೆಯಿಂದ ಕಳ್ಳರ ಪಾಲಾದರೆ, ಮೂಲ ಶಾಸನದ ಪ್ರಕಾರ ಪ್ರತಿಯೊಬ್ಬ ಪ್ರಜೆಯೂ 100ರಿಂದ 750 ಡಾಲರುಗಳವರೆಗೆ ಪರಿಹಾರ ಕೇಳಿ ತಾನೇ ಮೊಕದ್ದಮೆ ಹೂಡಬಹುದು. ಬೆಲೆಯೇರಿಕೆಗೆ ಅನುಗುಣವಾಗಿ 2025ರಲ್ಲಿ ಈ ಮೊತ್ತವನ್ನು ಸ್ವಲ್ಪ ಏರಿಸಲಾಗಿದೆ. ಮುಂಚಿತವಾಗಿ 30 ದಿನಗಳ ನೋಟೀಸು ಕೊಡಬೇಕೆಂಬ ನಿಬಂಧನೆಯೂ ಉಂಟು. ಒಬ್ಬರಿಗೆ ಈ ಮೊತ್ತ ಅಲ್ಪ. ಲಕ್ಷ ಮಂದಿ ಕೂಡಿ ಕೇಳಿದರೆ ಸಂಸ್ಥೆಗೆ ಅದು ಅಲ್ಪವಲ್ಲ. ಎರಡು ಶಾಸನಗಳು ಕೈಹಿಡಿಯುವುದು ಇಲ್ಲಿಯೇ. ಬೀಗ ಹೇಗಿರಬೇಕೆಂದು ವಾಷಿಂಗ್‌ಟನ್ ಬರೆದಿಟ್ಟಿದೆ. ಹಾಗೆ ಬೀಗ ಹಾಕದ ಸಂಸ್ಥೆಯನ್ನು ನ್ಯಾಯಾಲಯಕ್ಕೆ ಎಳೆಯುವ ದಾರಿಯನ್ನು ಕ್ಯಾಲಿಫೋರ್ನಿಯಾ ತೆರೆದಿದೆ.

ಮೂರನೆಯದು ಹೆಚ್ಚು ಹಳೆಯದು. ಒಕ್ಕೂಟದ ಶಾಸನವು ರಾಜ್ಯಗಳಿಗೆ ಹೆಚ್ಚಿನ ರಕ್ಷಣೆ ಕೊಡುವ ಸ್ವಾತಂತ್ರ್ಯವನ್ನು ಉಳಿಸಿತ್ತು. ಅದನ್ನು ಬಳಸಿಕೊಂಡು ಕ್ಯಾಲಿಫೋರ್ನಿಯಾ 2003ರಲ್ಲಿಯೇ ಹಣಕಾಸಿನ ವಿವರಗಳಿಗೆಂದು ಪ್ರತ್ಯೇಕ ಶಾಸನ ಮಾಡಿ, ಹೊರಗಿನವರಿಗೆ ಕೊಡುವ ಮೊದಲು ಗ್ರಾಹಕನ ಸ್ಪಷ್ಟ ಒಪ್ಪಿಗೆ ಬೇಕೆಂದು ವಿಧಿಸಿತು. ಮೌನವು ಸಮ್ಮತಿಯ ಲಕ್ಷಣವೆಂಬುದು ವಾಷಿಂಗ್‌ಟನ್ನಿನ ಮತ. ಮೌನವು ನಿರಾಕರಣೆಯೆಂಬುದು ಈ ಶಾಸನದ ಮತ.

ಎಲ್ಲ ರಾಜ್ಯಗಳಲ್ಲೂ ಇಂತಹ ದೀಪಗಳಿಲ್ಲ. ವರ್ಜೀನಿಯಾ 2021ರಲ್ಲಿಯೂ ಟೆಕ್ಸಾಸ್ 2023ರಲ್ಲಿಯೂ ಮಾಡಿದ ಶಾಸನಗಳು, ಒಕ್ಕೂಟದ ಶಾಸನಕ್ಕೆ ಒಳಪಟ್ಟ ಹಣಕಾಸಿನ ಸಂಸ್ಥೆಗಳನ್ನು ಇಡಿಯಾಗಿಯೇ ಹೊರಗಿಟ್ಟವು. ಅಲ್ಲಿ ವಿವರ ಯಾವುದೆಂದು ಕೇಳುವ ಪ್ರಶ್ನೆಯೇ ಇಲ್ಲ. ಬಾಗಿಲ ಮೇಲಿನ ಹಲಗೆಯನ್ನು ನೋಡಿ ಕಾನೂನು ಹಿಂದಿರುಗಿಬಿಡುತ್ತದೆ. ಕನೆಕ್ಟಿಕಟ್ ಮತ್ತು ಮೊಂಟಾನಾ ರಾಜ್ಯಗಳು ಮೊದಲು ಇದೇ ದಾರಿ ಹಿಡಿದು, 2025ರಲ್ಲಿ ತಿದ್ದುಪಡಿ ತಂದು ಈ ವಿನಾಯಿತಿಯನ್ನು ಕಿರಿದುಗೊಳಿಸಿದವು.

ಸಂಸ್ಥೆಗಳ ಪರವಾಗಿಯೂ ಹೇಳಬೇಕಾದ ಮಾತುಂಟು. ಸಾಲ ಪಡೆದವನು ಮರುದಿನವೇ ತನ್ನ ಲೆಕ್ಕವನ್ನು ಅಳಿಸಿರೆಂದರೆ ಸಾಲ ವಸೂಲಾಗುವುದೆಂತು? ಕಳ್ಳಹಣವನ್ನು ಹಿಡಿಯಲು ಸರ್ಕಾರವೇ ಬ್ಯಾಂಕುಗಳಿಂದ ವರ್ಷಗಟ್ಟಲೆ ದಾಖಲೆ ಇಡಿಸುತ್ತದೆ. ಒಂದೇ ವಿವರಕ್ಕೆ ಐವತ್ತು ರಾಜ್ಯಗಳು ಐವತ್ತು ಬಗೆಯ ನಿಯಮ ಮಾಡಿದರೆ ಸಣ್ಣ ಸಂಸ್ಥೆಗಳು ಬಾಗಿಲು ಹಾಕಬೇಕಾದೀತು. ಇವು ತಳ್ಳಿಹಾಕುವ ವಾದಗಳಲ್ಲ. ಆದರೆ ಲೆಕ್ಕ ಇಡಲು ಬೇಕಾದ ವಿವರ ಬೇರೆ, ಜಾಹೀರಾತಿನವರಿಗೆ ಒದಗಿಸುವ ವಿವರ ಬೇರೆ. ಮೊದಲನೆಯದಕ್ಕೆ ಕೊಟ್ಟ ವಿನಾಯಿತಿಯ ಮರೆಯಲ್ಲಿ ಎರಡನೆಯದು ನುಸುಳಿದಾಗ, ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ನೆನಪಾಗುತ್ತದೆ. ರಕ್ಷಣಾ ನಿಯಮವು ಬೇಲಿಯ ಎತ್ತರವನ್ನು ಅಳೆಯುತ್ತದೆ. ಬೇಲಿಯ ಹಸಿವನ್ನು ಅಳೆಯುವುದಿಲ್ಲ.

ಬೆಂಗಳೂರಿನ ಮೇಜಿನವರೆಗೆ

ಇದು ಸಾಗರದಾಚೆಯ ಮಾತೆಂದು ಕನ್ನಡದ ಗೃಹಸ್ಥರು ಕೈಬಿಡುವಂತಿಲ್ಲ. ಅಮೆರಿಕಾದ ಎಷ್ಟೋ ಸಂಸಾರಗಳ ತೆರಿಗೆಯ ಲೆಕ್ಕ ಸಿದ್ಧವಾಗುವುದು, ಎಷ್ಟೋ ಸಾಲದ ಅರ್ಜಿಗಳ ಪರಿಶೀಲನೆ ನಡೆಯುವುದು ಬೆಂಗಳೂರಿನ ಕಚೇರಿಗಳಲ್ಲಿ. ತಾನು ಕೆಲಸ ಒಪ್ಪಿಸಿದ ಹೊರಗಿನವರೂ ಭದ್ರತೆಯನ್ನು ಪಾಲಿಸುವಂತೆ ಕರಾರು ಬರೆಸಿಕೊಂಡು, ಆಗಾಗ ಪರೀಕ್ಷಿಸುತ್ತಿರಬೇಕೆಂದು ರಕ್ಷಣಾ ನಿಯಮವು ಅಮೆರಿಕಾದ ಸಂಸ್ಥೆಗೆ ವಿಧಿಸಿದೆ. ಇಂತಹ ಕಚೇರಿಯಲ್ಲಿ ದುಡಿಯುವ ತರುಣನು ಬೆಳಗ್ಗೆ ಗುಪ್ತಪದವನ್ನು ಒತ್ತಿ, ಮತ್ತೆ ಫೋನಿಗೆ ಬಂದ ಸಂಖ್ಯೆಯನ್ನೂ ಒತ್ತಬೇಕಾಗಿ ಬಂದು ಗೊಣಗುವಾಗ, ಆ ಎರಡನೆಯ ಸಂಖ್ಯೆಯ ಹಿಂದೆ ವಾಷಿಂಗ್‌ಟನ್ನಿನ ನಿಯಮವೊಂದಿರಬಹುದು. ಅತ್ತ ಸಾಂಟಾ ಕ್ಲಾರಾ, ಫ್ರೀಮಾಂಟ್ ಮುಂತಾದ ಊರುಗಳಲ್ಲಿ ನೆಲೆಸಿರುವ ಕನ್ನಡಿಗರು ಕ್ಯಾಲಿಫೋರ್ನಿಯಾದ ಶಾಸನವು ಕೊಟ್ಟ ಹಕ್ಕಿಗೆ ಇತರರಷ್ಟೇ ಬಾಧ್ಯರು. ಅದಕ್ಕೆ ಆ ದೇಶದ ಪೌರತ್ವ ಬೇಕಿಲ್ಲ, ಆ ರಾಜ್ಯದ ವಾಸವಿದ್ದರೆ ಸಾಕು.

ಭಾರತದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ ತೀರ್ಪಿಗೆ ಕಾರಣವಾದ ಅರ್ಜಿ ಕರ್ನಾಟಕದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರದು. ಅದಾದ ಆರು ವರ್ಷಕ್ಕೆ, 2023ರಲ್ಲಿ, ಪಾರ್ಲಿಮೆಂಟು ವೈಯಕ್ತಿಕ ದತ್ತಾಂಶವನ್ನು ಕುರಿತ ಶಾಸನವನ್ನು ಅಂಗೀಕರಿಸಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತ ಹಂತವಾಗಿ ಜಾರಿಗೆ ಬರುವ ಏರ್ಪಾಡಾಗಿದೆ. ಇಲ್ಲಿ ಬೀಗವೂ ಕೈಯೂ ಒಂದೇ ಶಾಸನದಲ್ಲಿವೆ. ತಕ್ಕ ಭದ್ರತೆ ವಹಿಸದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ. ಪ್ರಜೆಗೆ ವಿವರಗಳನ್ನು ಕೇಳುವ, ತಿದ್ದಿಸುವ, ಅಳಿಸುವ ಹಕ್ಕು. ಆದರೆ ದಂಡದ ಹಣವು ಸೇರುವುದು ಸರ್ಕಾರದ ಬೊಕ್ಕಸಕ್ಕೆ. ವಿವರ ಕಳೆದುಕೊಂಡವನಿಗೆ ಪರಿಹಾರದ ದಾರಿ ತೋರುತ್ತಿದ್ದ, ಮಾಹಿತಿ ತಂತ್ರಜ್ಞಾನ ಶಾಸನದ 43-ಎ ವಿಧಿಯನ್ನು ತೆಗೆದುಹಾಕುವ ಏರ್ಪಾಡೂ ಇದೇ ಶಾಸನದಲ್ಲಿದೆ. ಕ್ಯಾಲಿಫೋರ್ನಿಯಾದವರು ಅಲ್ಪವೆನಿಸಿದರೂ ಪ್ರಜೆಯ ಕೈಗೇ ಕೊಟ್ಟ ಆ ಮೊಕದ್ದಮೆಯ ಹಕ್ಕಿನ ಬೆಲೆ ಈ ಹಿನ್ನೆಲೆಯಲ್ಲಿ ಚೆನ್ನಾಗಿ ತಿಳಿಯುತ್ತದೆ.

ಎರಡು ಶಾಸನಗಳನ್ನು ತೂಗಿ ನೋಡಿದಾಗ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದು ಎನ್ನುವಂತಿಲ್ಲ. ಕೈಯಿದ್ದು ಬೀಗ ಸಡಿಲವಾದರೆ ಕಳ್ಳನಿಗೆ ಹಬ್ಬ; ಬೀಗ ಭದ್ರವಾಗಿದ್ದು ಕೈ ಪರರದಾದರೆ ಒಡೆಯನು ತನ್ನ ಮನೆಯ ಜಗಲಿಯ ಮೇಲೆಯೇ ನಿಲ್ಲಬೇಕು. ಸಾಲದ ಅರ್ಜಿಗೆ ರುಜು ಹಾಕುವ ಗೃಹಸ್ಥನು ಬಡ್ಡಿಯ ದರವನ್ನು ಎರಡು ಬಾರಿ ಓದುತ್ತಾನೆ. ಅದೇ ಕಾಗದದ ಕೆಳಗೆ ಸಣ್ಣಕ್ಷರದಲ್ಲಿ, ವಿವರಗಳನ್ನು ಯಾರೊಡನೆ ಹಂಚಿಕೊಳ್ಳಲಾಗುವುದು, ಎಷ್ಟು ಕಾಲ ಇಡಲಾಗುವುದು, ಕಳುವಾದರೆ ಮೊದಲು ತಿಳಿಸುವುದು ಯಾರಿಗೆ ಎಂಬ ಮೂರು ಸಂಗತಿಗಳು ಇರುತ್ತವೆ, ಇಲ್ಲವೇ ಇರಬೇಕು. ಬಡ್ಡಿಯ ಲೆಕ್ಕ ಸಾಲ ತೀರಿದಂದು ಮುಗಿಯುತ್ತದೆ. ಈ ಮೂರರ ಲೆಕ್ಕ ಅನಂತರವೂ ನಡೆಯುತ್ತಿರುತ್ತದೆ.